ಆರ್‌ಟಿಒ ಟೆಸ್ಟ್ ಇಲ್ಲದೆ ಡಿಎಲ್? ಸತ್ಯಾಂಶ ಇಷ್ಟು

‘ಇನ್ನು ಆರ್‌ಟಿಒ ಟೆಸ್ಟ್ ಬೇಕಿಲ್ಲ, ಡ್ರೈವಿಂಗ್ ಸ್ಕೂಲಿನವರೇ ಡಿಎಲ್ ಕೊಡ್ತಾರೆ’ ಎಂಬ ಮೆಸೇಜ್ 2024ರ ಜೂನ್ ಹೊತ್ತಿಗೆ ಜೋರಾಗಿ ಓಡಾಡಿತು. ಹಾಗೇನೂ ಆಗಿಲ್ಲ. ನಿಯಮ ಬದಲಾಗಿಲ್ಲ ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಆಗ ಹೇಳಿತ್ತು.

ಇದರಲ್ಲಿ ಒಂದೆಳೆ ನಿಜವೂ ಇದೆ ಅನ್ನಿ. ಸರ್ಕಾರದ ಮಾನ್ಯತೆ ಪಡೆದ ಚಾಲಕರ ತರಬೇತಿ ಕೇಂದ್ರಗಳ ನಿಯಮ 2021ರ ಜುಲೈ 1ರಿಂದಲೇ ಇದೆ. ಅಂಥ ಕೇಂದ್ರದಲ್ಲಿ ಸಿಮ್ಯುಲೇಟರ್ (ಗಾಡಿ ಓಡಿಸಿದಂತೆಯೇ ಅಭ್ಯಾಸ ಮಾಡಿಸುವ ಯಂತ್ರ), ಟೆಸ್ಟ್ ಟ್ರ್ಯಾಕ್ ಎಲ್ಲ ಇರಬೇಕು. ಅಲ್ಲಿ ಕಲಿತು ಪಾಸಾದವರಿಗೆ ಮಾತ್ರ ಆರ್‌ಟಿಒ ಟೆಸ್ಟ್‌ನಿಂದ ವಿನಾಯಿತಿ. ಆಗಲೂ ಡಿಎಲ್ ಕೊಡುವುದು ಆರ್‌ಟಿಒನೇ. ನಮ್ಮ ಬೀದಿಯ ಮಾಮೂಲಿ ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟಿಗೆ ಈ ಅನುಕೂಲ ಇಲ್ಲ.

ಹಾಗಾಗಿ ಉಳಿದವರೆಲ್ಲ ಎಲ್‌ಎಲ್ (ಲರ್ನರ್ ಲೈಸೆನ್ಸ್) ಸಿಕ್ಕಿ 30 ದಿನ ಕಳೆದ ಮೇಲೆ, ಅದರ 6 ತಿಂಗಳ ಅವಧಿ ಮುಗಿಯುವ ಮೊದಲು ಟೆಸ್ಟಿಗೆ ಹೋಗಿ. ಬೈಕಿನವರು ಅಲ್ಲಿಯವರೆಗೆ ಕಾಲೂರದೆ 8 ಹಾಕುವುದನ್ನು ಅಭ್ಯಾಸ ಮಾಡ್ತಾ ಇರಿ.