ಒಬ್ಬನೇ ಗಿರಾಕಿ, ನಾಲ್ಕು ಖಾತೆ

ಹುಬ್ಬಳ್ಳಿಯ ಸಾವಕಾರರೊಬ್ಬರ ಮನೆತನದಲ್ಲಿ ನಾಲ್ವರು ಅಣ್ಣತಮ್ಮಂದಿರಿದ್ದಾರೆ. ಆದ್ದರಿಂದ ನಾಲ್ಕು ಜಾಲತಾಣಗಳಿವೆ. ಸೀರೆಯದೊಂದು, ಪಾತ್ರೆಯದೊಂದು, ಪೇಡೆಯದೊಂದು, ಬಾಡಿಗೆ ಬಸ್ಸಿನದೊಂದು. ನಾಲ್ಕನ್ನೂ ಒಂದೇ ವಿಳಾಸದಡಿ ಇಡಬಹುದಿತ್ತಲ್ಲ ಎಂದು ಕೇಳುವವರು ಕೂಡುಕುಟುಂಬದಲ್ಲಿ ಬಾಳಿದವರಲ್ಲ. ಮನೆ ಒಡೆಯದೆ ಒಲೆಯಷ್ಟೇ ಬೇರೆ ಮಾಡಿಕೊಳ್ಳಲು ಡೊಮೇನಿಗಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಇವರ ತಂದೆ ಜವಳಿ ಸಾಲಿನಲ್ಲಿ ಗಾದಿಯ ಮೇಲೆ ಕೂರುತ್ತಿದ್ದ ಕಾಲದಲ್ಲಿ, ಧಾರೆ ಸೀರೆ ಕೊಂಡವರು ಮುಂದಿನ ವಾರ ಪಾತ್ರೆಗೆ ಬರುತ್ತಾರೆ, ಅದರ ಮರುವಾರ ದಿಬ್ಬಣಕ್ಕೆ ಬಸ್ಸು ಕೇಳುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟನ್ನೇ ತಿಳಿದುಕೊಳ್ಳಲು ಮಕ್ಕಳು ಈಗ ತಿಂಗಳ ಪಗಾರದ ಸಲಹೆಗಾರನನ್ನು ಇಟ್ಟುಕೊಂಡಿದ್ದಾರೆ.

ಸಲಹೆಗಾರನ ಮೊದಲ ವರದಿ ಮನೆಯಲ್ಲಿ ಹಬ್ಬದ ಸಂಭ್ರಮ ತಂದಿತು. ಮಗಳ ಮದುವೆಗೆಂದು ನಾನೊಬ್ಬನೇ ನಾಲ್ಕೂ ತಾಣಗಳನ್ನು ಮನೆಯ ಕಂಪ್ಯೂಟರಿನಲ್ಲಿ ಒಮ್ಮೆ, ಮೊಬೈಲಿನಲ್ಲಿ ಇನ್ನೊಮ್ಮೆ ನೋಡಿದ್ದೆ. ವರದಿಯಲ್ಲಿ ನಾನು ಎಂಟು ಜನ. ಹತ್ತು ತಲೆಯ ರಾವಣನನ್ನೂ ವಾಲ್ಮೀಕಿ ಒಬ್ಬನೆಂದೇ ಎಣಿಸಿದ್ದ! ಇನ್ನೂ ಸೋಜಿಗವೆಂದರೆ, ಬಸ್ಸಿನ ತಾಣಕ್ಕೆ ಅತಿ ಹೆಚ್ಚು ಗಿರಾಕಿಗಳನ್ನು ಕಳಿಸಿಕೊಟ್ಟ ‘ಹೊರಗಿನ ಹಿತೈಷಿ’ ಯಾರೆಂದು ನೋಡಿದರೆ, ಅದು ಅವರದೇ ಸೀರೆ ಅಂಗಡಿಯಾಗಿತ್ತು. ಆ ಪುಣ್ಯಾತ್ಮನಿಗೆ ಶಾಲು ಹೊದಿಸಿ ಒಂದು ಕಿಲೋ ಪೇಡೆ ಕೊಡಬೇಕೆಂದು ಕಿರಿಯ ತಮ್ಮ ಹೊರಟಿದ್ದನಂತೆ. ಪೇಡೆಯ ಖರ್ಚನ್ನು ಯಾರ ಖಾತೆಗೆ ಬರೆಯಬೇಕೆಂಬ ತಕರಾರಿನಲ್ಲಿ ಸತ್ಕಾರ ನಿಂತುಹೋಯಿತು.

ಈ ಗೊಂದಲದ ಮೂಲ ಕುಕೀ ಎಂಬ ಚೀಟಿ. ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಎಂಬಾತ 1994ರಲ್ಲಿ ಇದನ್ನು ರೂಪಿಸಿದ್ದು, ಗಿರಾಕಿ ತನ್ನ ಬುಟ್ಟಿಯಲ್ಲಿ ಏನೇನು ಹಾಕಿಕೊಂಡಿದ್ದಾನೆ ಎಂಬುದು ಜಾಲತಾಣಕ್ಕೆ ನೆನಪಿರಲಿ ಎಂಬಂಥ ಸಾಧು ಉದ್ದೇಶಕ್ಕೆ. ಚೀಟಿ ನಮ್ಮ ಬ್ರೌಸರಿನಲ್ಲೇ ಇರುತ್ತದೆ, ಬರೆದ ಮನೆಯವರು ಮಾತ್ರ ಅದನ್ನು ಓದಬಹುದು. ಅಣ್ಣ ಬರೆದ ಚೀಟಿ ತಮ್ಮನಿಗೆ ಕಾಣದು. ಇದಕ್ಕೆ, ತಾಣಕ್ಕೆ ಬಂದುಹೋದವರ ಲೆಕ್ಕವಿಡುವ ಗೂಗಲ್ ಅನಾಲಿಟಿಕ್ಸ್ ಕೊಟ್ಟಿರುವ ಪರಿಹಾರ ಹೀಗಿದೆ: ಸೀರೆಯ ತಾಣದಿಂದ ಪಾತ್ರೆಯ ತಾಣಕ್ಕೆ ಕೊಂಡಿ ಒತ್ತಿ ಹೋಗುವಾಗ, ವಿಳಾಸದ ಬಾಲಕ್ಕೆ ‘ಜಿಎಲ್’ ಎಂಬ ಗುರುತಿನೊಡನೆ ಒಂದು ಉದ್ದನೆಯ ಸಂಕೇತವನ್ನು ಕಟ್ಟಿ ಕಳಿಸಲಾಗುತ್ತದೆ, ಆ ಕಡೆಯವರು ಅದನ್ನು ಬಿಚ್ಚಿ, ಅದೇ ನಂಬರಿನ ಚೀಟಿಯನ್ನು ತಮ್ಮಲ್ಲೂ ಬರೆದುಕೊಳ್ಳುತ್ತಾರೆ. ಚೀಟಿಗೆ ಗೂಗಲ್ ಬರೆದುಕೊಡುವ ಆಯುಷ್ಯ 2 ವರ್ಷ, ಬಾಲದ್ದು 2 ನಿಮಿಷ.

ಕೊಂಡಿ ಒತ್ತದೆ ನೇರವಾಗಿ ವಿಳಾಸ ಬರೆದು ಹೋದವನಿಗೆ ಬಾಲವೇ ಇಲ್ಲ. ಅವನು ಮತ್ತೆ ಅಪರಿಚಿತ. ಹಾಗಾಗಿ ಯಾರೂ ನೇರವಾಗಿ ಹೋಗದಂತೆ ಅಣ್ಣತಮ್ಮಂದಿರು ಸಿಕ್ಕಸಿಕ್ಕಲ್ಲಿ ಕೊಂಡಿ ಜೋಡಿಸಿದರು. ಇಳಕಲ್ ಸೀರೆಯ ಬೆಲೆ ನೋಡಲು ಹೋದ ನಮ್ಮ ಅತ್ತೆಯವರು ಹಂಡೆ, ಕೊಪ್ಪರಿಗೆ, ಪೇಡೆಗಳನ್ನೆಲ್ಲ ದಾಟಿ ಶಿರಡಿಯ ಬಸ್ಸಿನ ಸೀಟಿನಲ್ಲಿ ಬಂದು ನಿಂತಿದ್ದರು. ಸೀರೆಯ ಬೆಲೆ ಅವರಿಗೆ ಇಂದಿಗೂ ಗೊತ್ತಾಗಿಲ್ಲ.

ಇದೂ ಸಾಲದೆಂದು ಸಲಹೆಗಾರ ಮೂರನೆಯವರ ಕುಕೀಯನ್ನು ತಂದ. ಅಂದರೆ ಹೊರಗಿನವನೊಬ್ಬ ನಾಲ್ಕೂ ಅಂಗಡಿಗಳಲ್ಲಿ ಕೂತು ಒಂದೇ ವಹಿಯಲ್ಲಿ ಎಲ್ಲರ ಹೆಸರನ್ನೂ ಬರೆದುಕೊಳ್ಳುವ ಏರ್ಪಾಡು. ಆಪಲ್‌ನ ಬ್ರೌಸರ್ ಸಫಾರಿ 2020ರಲ್ಲೇ ಅವನನ್ನು ಪೂರ್ತಿ ಹೊರಹಾಕಿತು. ಎರಡು ವರ್ಷದಲ್ಲಿ ಹೊರಹಾಕುತ್ತೇನೆಂದು ಅದೇ ವರ್ಷ ಸಾರಿದ್ದ ಗೂಗಲ್‌ನ ಬ್ರೌಸರ್ ಕ್ರೋಮ್, ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದವರ ಹಾಗೆ ಗಡುವನ್ನು ಮುಂದಕ್ಕೆ ದೂಡುತ್ತ ಬಂದು, 2024ರಲ್ಲಿ ಆ ವಿಚಾರವನ್ನೇ ಕೈಬಿಟ್ಟಿತು. ನಮ್ಮೂರುಗಳಲ್ಲಿ ಆ ಬರಹಕ್ಕೆ ದೆವ್ವವಾದರೂ ವಾಪಸು ಹೋಗುತ್ತಿತ್ತು.

ಒಪ್ಪಿಗೆ ಕೇಳುವುದಿಲ್ಲವೇ ಎಂದರೆ, ಕೇಳುತ್ತಾರೆ. ನಾಲ್ಕು ತಾಣಗಳಲ್ಲಿ ನಾಲ್ಕು ಸಲ, ಇಂಗ್ಲಿಷಿನಲ್ಲಿ. ‘ಒಪ್ಪಿದೆ’ ಎಂಬ ಗುಂಡಿ ಹೋಳಿಗೆಯಷ್ಟು ಅಗಲ, ‘ಒಲ್ಲೆ’ ಎಂಬುದು ಸಾಸಿವೆ ಕಾಳು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶ ನಮಗಿರಬೇಕು, ತಪ್ಪಿಗೆ 50 ಕೋಟಿ ರೂಪಾಯಿಯವರೆಗೂ ದಂಡವುಂಟು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳಿಗೆ ಮತ್ತೆ 18 ತಿಂಗಳ ವಾಯಿದೆ ಸಿಕ್ಕಿದೆ.

ಇಷ್ಟೆಲ್ಲ ಹೆಣಗಿ ಕೊನೆಗೂ ಅವರು ನನ್ನನ್ನು ಒಬ್ಬನನ್ನಾಗಿ ಕೂಡಿಸಿದ್ದಾರೆ. ಈಗ ನಾನು ಸೀರೆ ನೋಡಿದ್ದು ಬಸ್ಸಿನವನಿಗೆ ಗೊತ್ತು, ಬಸ್ಸು ನೋಡಿದ್ದು ಪೇಡೆಯವನಿಗೆ ಗೊತ್ತು. ಆದರೆ ಅವರ ಪಾತ್ರೆಯ ತಾಣದಲ್ಲಿ ಕೊಂಡ ಕುಕ್ಕರಿನ ಹಿಡಿಕೆ ಎಂಟೇ ದಿನಕ್ಕೆ ಕಳಚಿತೆಂದು ಅಂಗಡಿಗೆ ಒಯ್ದರೆ, ಅಲ್ಲಿಯ ಹುಡುಗ ಬಿಲ್ ನಂಬರು ಕೇಳಿದ, ಮೊಬೈಲ್ ನಂಬರು ಕೇಳಿದ, ಇದು ಆನ್‌ಲೈನ್ ಕಂಪನಿಯದು, ಅದು ಬೇರೆ, ನಾವು ಬೇರೆ ಎಂದ. ತಂದೆಯ ಕಾಲದ ದಿವಾಣಜಿ ಮೂಲೆಯಿಂದ ಕನ್ನಡಕ ಸರಿಸಿ ನನ್ನನ್ನು ನೋಡಿದರು.

“ನಾ ಗುರ್ತ ಹಿಡದೇನ್ರೀ ಮಾಸ್ತರ, ಹೋದ ತಿಂಗಳ ಮಗಳ ಲಗ್ನಕ್ಕ ಒಯ್ದದ್ದಲ್ರೀ ಇದು? ಆದ್ರ ಸಿಸ್ಟಮ್ ಹಿಡೀವಲ್ದು ನೋಡ್ರಿ.”

ನಾನು ಐದನೆಯ ಸಲ ಮೊಬೈಲ್ ನಂಬರು ಹೇಳಿದೆ. ಮನೆ ಮುಟ್ಟುವುದರೊಳಗೆ ಅದೇ ಕುಕ್ಕರಿನ ಜಾಹೀರಾತು ಬಂದಿತ್ತು.