ಬ್ಲೆಂಡರ್ ತಗೊಳ್ಳೋ ಮುಂಚೆ ಒಂದ್ಸಲ ತಲೆಕೆಳಗೆ ಮಾಡಿ ನೋಡಿ

ಹೋದ ವಾರ ಅಕ್ಕ ಫೋನ್ ಮಾಡಿದ್ಲು. "ಲೋ, ನಮ್ಮನೆ ಬ್ಲೆಂಡರ್ ಕೈ ಕೊಡ್ತು ಕಣೋ. ಎರಡು ಲಿಂಕ್ ಕಳ್ಸಿದೀನಿ ನೋಡು, ಒಂದು 1200 ವ್ಯಾಟ್, ಇನ್ನೊಂದು 750. 1200ದು ತಗೊಂಡ್ರೆ ಜಾಸ್ತಿ ವರ್ಷ ಬರುತ್ತೆ ಅಲ್ವಾ?" ಅಂತ. ಹೂಂ ಅಂದಿದ್ರೆ ಅಲ್ಲಿಗೆ ಮುಗೀತಿತ್ತು. ಆದ್ರೆ ಇದೇ ಲೆಕ್ಕ ಹಾಕಿ ನಾನೊಂದು ಮಷೀನ್ ತಗೊಂಡು ಹದಿನಾಲ್ಕೇ ತಿಂಗಳಿಗೆ ಎಸೆದಿದೀನಿ, ಅಮ್ಮನ ಹತ್ರ ಇರೋ 22 ವರ್ಷದ ಹಳೇ ಮಷೀನು ಮಾತ್ರ ಇವತ್ತು ಬೆಳಿಗ್ಗೆನೂ ಓಡಿದೆ. ಅದಕ್ಕೇ ಅಕ್ಕಂಗೆ ಫೋನಲ್ಲಿ ಮುಕ್ಕಾಲು ಗಂಟೆ ಹೇಳಿದ್ದನ್ನ ಇಲ್ಲೂ ಬರೀತಿದೀನಿ, ಉದ್ದ ಆಗುತ್ತೆ, ಹೊಸದು ತಗೊಳ್ಳೋ ಯೋಚನೆ ಇರೋರು ದಯವಿಟ್ಟು ಪೂರ್ತಿ ಓದಿ.

ಮೊದ್ಲು ನನ್ನ ಮಷೀನಿನ ಕಥೆ. ಭಾರಿ ಮೋಟರ್, ಟಚ್ ಪ್ಯಾನೆಲ್, ಬಾಕ್ಸ್ ಮೇಲೆ ದೊಡ್ಡ ಅಕ್ಷರದಲ್ಲಿ ವ್ಯಾಟ್. ಒಂದು ವರ್ಷ ಯಾವ ತೊಂದ್ರೆನೂ ಇಲ್ಲ. ಆಮೇಲೆ ಒಂದಿನ ಜಾರ್ ಎತ್ತಿದ್ರೆ ಬೇಸ್ ಮೇಲೆ ಕಂದು ಬಣ್ಣದ ನೀರು, ಉಂಗುರದ ಥರ ಒಂದು ಗೆರೆ. ಒರೆಸಿ ಸುಮ್ನಾದೆ. ಮಾರನೇ ದಿನ ಮತ್ತೆ ಅದೇ ಉಂಗುರ, ಸ್ವಲ್ಪ ಕಪ್ಪು, ಬೆರಳಿಗೆ ಜಿಡ್ಡು ಜಿಡ್ಡು. ಒಂದು ವಾರದಲ್ಲಿ ಬ್ಲೇಡ್ ಕೈಯಲ್ಲಿ ತಿರುಗಿಸಿದ್ರೆ ಕರಕರ ಅನ್ನೋಕೆ ಶುರುವಾಯ್ತು. ಜಾರಿನ ತಳದ ಸೀಲ್ ಹೋಗಿ ನೀರು ಒಳಗಿಳಿದು ಬೇರಿಂಗ್ ತುಕ್ಕು ಹಿಡಿದಿತ್ತು ಅಷ್ಟೇ. ಸರ್ವಿಸ್ ಸೆಂಟರಿಗೆ ತಗೊಂಡು ಹೋದ್ರೆ "ಸರ್, ಇದ್ರಲ್ಲಿ ಬ್ಲೇಡ್ ಜಾರಿಗೇ ಪ್ರೆಸ್ ಆಗಿದೆ, ಬಿಚ್ಚೋಕೆ ಬರಲ್ಲ, ಜಾರ್ ಬೇರೆ ಸಿಗಲ್ಲ, ಮಾಡೆಲ್ ನಿಲ್ಲಿಸಿದಾರೆ" ಅಂದ್ರು. ಮೋಟರ್ ಹೊಸದ್ರ ಹಾಗೇ ಇತ್ತು ಕಣ್ರೀ. ಹೆಬ್ಬೆರಳ ಉಗುರಷ್ಟಿರೋ ಒಂದು ರಬ್ಬರ್ ಸೀಲಿಗೋಸ್ಕರ ಅಷ್ಟು ಒಳ್ಳೆ ಮೋಟರ್ ಎಸೆಯೋದು ಅಂದ್ರೆ ಹೊಟ್ಟೆ ಉರಿಯುತ್ತೆ, ಈಗಲೂ ಉರಿಯುತ್ತೆ.

ಈ ಸೀಲ್ ಯಾಕೆ ಹೋಗುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ಜಾರಿನ ತಳಕ್ಕೆ ಒಂದು ತೂತು ಕೊರೆದು ಅದ್ರಲ್ಲಿ ಒಂದು ಕಡ್ಡಿ ನಿಲ್ಲಿಸಿದಾರೆ, ಮೇಲೆ ಬ್ಲೇಡ್ ಕೆಳಗೆ ಕಪ್ಲರ್ (ಮೋಟರಿನ ತಿರುಗಾಟನ ಬ್ಲೇಡಿಗೆ ದಾಟಿಸೋ ಹಲ್ಲಿನ ತುಂಡು). ಮೇಲಿರೋ ನೀರು ಒಂದು ಹನಿನೂ ಕೆಳಗೆ ಇಳೀಬಾರ್ದು, ಆದ್ರೆ ಕಡ್ಡಿ ಮಾತ್ರ ತಿರುಗ್ತಾ ಇರ್ಬೇಕು. ಎಷ್ಟು ಜೋರಾಗಿ? ಖಾಲಿ ಓಡುವಾಗ ನಿಮಿಷಕ್ಕೆ 20,000 ಸುತ್ತು ಅಂತ ಇಟ್ಕೊಂಡ್ರೆ ಸೆಕೆಂಡಿಗೆ 333 ಸುತ್ತು ಆಯ್ತು, ಬ್ಲೇಡ್ ತುದಿಯಿಂದ ತುದಿಗೆ 6 ಸೆಂ.ಮೀ. ಇದ್ರೆ ಆ ತುದಿ ಗಂಟೆಗೆ ಸುಮಾರು 226 ಕಿ.ಮೀ. ವೇಗದಲ್ಲಿ ಹೋಗ್ತಿರುತ್ತೆ. ಜಾರಲ್ಲಿ ಪದಾರ್ಥ ಇದ್ದಾಗ ಇದು ಇಳಿಯುತ್ತೆ ನಿಜ, ಆದ್ರೂ ಈ ಓಟದ ನಡುವೆ ನೀರು ತಡೀತಾ ಕೂತಿರೋದು ಒಂದು ಸಣ್ಣ ರಬ್ಬರ್ರು. ಅದು ಸವೆದೇ ಸವೆಯುತ್ತೆ, ಯಾವ ಕಂಪನಿಯದ್ದಾದ್ರೂ ಸರಿ, ಎಷ್ಟು ದುಬಾರಿಯದ್ದಾದ್ರೂ ಸರಿ. ಸವೆದಾಗ ಆ ಬ್ಲೇಡ್ ಸೆಟ್ ಬಿಚ್ಚಿ ಬದಲಾಯಿಸೋಕೆ ಆಗುತ್ತಾ ಇಲ್ವಾ, ಕೇಳ್ಬೇಕಾಗಿರೋ ಪ್ರಶ್ನೆ ಇದು. ಹೀಗೆ ಸವೆಯೋ ಸಾಮಾನು ಬ್ಲೆಂಡರಲ್ಲಿ ಮುಖ್ಯವಾಗಿ ಮೂರು, ಜಾರಿನ ತಳದ ಸೀಲ್ ಬೇರಿಂಗ್ ಒಂದು, ಕಪ್ಲರ್ ಒಂದು, ಮೋಟರಿನ ಕಾರ್ಬನ್ ಬ್ರಷ್ ಒಂದು (ಇದೇನು ಅಂತ ಮುಂದೆ ಹೇಳ್ತೀನಿ). ಈ ಮೂರೂ ಬಿಡಿಯಾಗಿ ಸಿಗೋ ಮಷೀನ್ ಬಾಳಿಕೆ ಬರುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಉಳಿದಿದ್ದೆಲ್ಲಾ ಆಮೇಲೆ.

ಹಾಗಾದ್ರೆ ವ್ಯಾಟ್ ಲೆಕ್ಕಕ್ಕೇ ಇಲ್ವಾ ಅಂತ ಅಕ್ಕನೂ ಕೇಳಿದ್ಲು. ಇದೆ, ಆದ್ರೆ ಅದು ಮಷೀನು ಗೋಡೆಯಿಂದ ಎಳ್ಕೊಳ್ಳೋ ಕರೆಂಟಿನ ಲೆಕ್ಕ, ಬ್ಲೇಡಿಗೆ ತಲುಪೋ ಶಕ್ತಿಯ ಲೆಕ್ಕ ಬೇರೆ. ನಡುವೆ ಎಷ್ಟೋ ಭಾಗ ಬಿಸಿಯಾಗಿ, ಸದ್ದಾಗಿ ಹೋಗ್ಬಿಡುತ್ತೆ. ಕೆಲವರು "ಪೀಕ್" ಅಂತ ಒಂದು ನಂಬರ್ ಹಾಕ್ತಾರೆ, ಅದು ಶುರುವಾಗೋ ಕ್ಷಣದಲ್ಲಿ ಮಾತ್ರ ಬರೋದು. ಇನ್ನು ಒಂದು ಎಚ್‌ಪಿ (ಹಾರ್ಸ್‌ಪವರ್) ಅಂದ್ರೆ 746 ವ್ಯಾಟ್. 120 ವೋಲ್ಟಿನ ದೇಶದಲ್ಲಿ 15 ಆಂಪ್ ಪ್ಲಗ್ಗಿಂದ ಎಳೆಯೋಕಾಗೋದೇ 1800 ವ್ಯಾಟ್, ಅಂದ್ರೆ ಎರಡೂವರೆ ಎಚ್‌ಪಿನೂ ಪೂರ್ತಿ ಆಗಲ್ಲ, ಅಂಥ ಪ್ಲಗ್ಗಿಗೆ ಹಾಕೋ ಮಷೀನ್ ಮೇಲೆ 3 ಎಚ್‌ಪಿ ಅಂತ ಬರೆದಿದ್ರೆ ಆ ಶಕ್ತಿಯಲ್ಲಿ ಅದು ನಿಮಿಷಗಟ್ಟಲೆ ಓಡಲ್ಲ ಅಂತ ನೀವೇ ಲೆಕ್ಕ ಹಾಕ್ಬಹುದು. ಐಸು, ಒಣಗಿದ ಗಟ್ಟಿ ಪದಾರ್ಥ ದಿನಾ ಹಾಕೋರಿಗೆ ವ್ಯಾಟ್ ಜಾಸ್ತಿ ಇದ್ರೆ ಒಳ್ಳೇದು, ಮೋಟರ್ ಏದುಸಿರು ಬಿಡಲ್ಲ. ಮೆತ್ತಗಿನ ಹಣ್ಣು, ತೆಳ್ಳಗಿನ ಪದಾರ್ಥ ಅಷ್ಟೇ ಅನ್ನೋರಿಗೆ ಮಧ್ಯಮ ಮೋಟರ್ ಧಾರಾಳ ಸಾಕು. ವೈಂಡಿಂಗ್, ಅಂದ್ರೆ ಮೋಟರಿಗೆ ಸುತ್ತಿರೋ ತಂತಿ, ತಾಮ್ರದ್ದಾ ಅಂತ ಮಾತ್ರ ಕೇಳಿ. ಅಲ್ಯೂಮಿನಿಯಂ ತಂತಿ ತಾಮ್ರದ ಶೇ. 60ರಷ್ಟೇ ಕರೆಂಟ್ ಸಾಗಿಸೋ ಗುಣದ್ದು, ಅಷ್ಟೇ ದಪ್ಪದ ತಂತಿ ಹಾಕಿದ್ರೆ ಬೇಗ ಬಿಸಿ ಏರುತ್ತೆ.

ಮೋಟರನ್ನ ಸಾಯಿಸೋದು ಈ ಬಿಸಿನೇ. ಇದನ್ನ ನಂಗೆ ಚೆನ್ನಾಗಿ ಅರ್ಥ ಮಾಡ್ಸಿದ್ದು ಅಮ್ಮನ ಮಷೀನ್ ರಿಪೇರಿ ಮಾಡೋಕೆ ಬಂದಿದ್ದ ಒಬ್ಬ ಅಣ್ಣ. ಊಟದ ಟೇಬಲ್ ಮೇಲೆ ಪೇಪರ್ ಹಾಸಿ, ಮಷೀನ್ ತಲೆಕೆಳಗೆ ಮಾಡಿ ನಾಲ್ಕು ಸ್ಕ್ರೂ ಬಿಚ್ಚಿದ್ರು. ಒಳಗೆಲ್ಲಾ ಕಾಡಿಗೆ ಥರ ಕಪ್ಪು ಪುಡಿ. ಮೋಟರಿನ ಎರಡು ಕಡೆಯಿಂದ ಎರಡು ಪುಟ್ಟ ಕಾರ್ಬನ್ ತುಂಡು ಎಳೆದು ನನ್ನ ಅಂಗೈ ಮೇಲೆ ಇಟ್ರು, ಹಿಂದೆ ಸ್ಪ್ರಿಂಗ್, ಮುಂದೆ ಬರೀ ಒಂದು ಕಾಳಿನಷ್ಟು ಕಾರ್ಬನ್ ಉಳಿದಿತ್ತು, ಅದ್ರ ಮುಖ ಮಾತ್ರ ಆರ್ಮೇಚರ್ (ಮೋಟರಿನ ಒಳಗೆ ತಿರುಗೋ ಭಾಗ) ಗುಂಡಗಿದ್ದ ಹಾಗೇ ಒಳಕ್ಕೆ ಬಾಗಿ ಕನ್ನಡಿ ಥರ ಹೊಳೀತಿತ್ತು. ಪಕ್ಕದಲ್ಲಿ ಹೊಸ ತುಂಡು ಇಟ್ರು, ಉದ್ದಕ್ಕೆ ಚೌಕಾಕಾರಕ್ಕೆ. "ನೋಡಿ, ಇಷ್ಟು ವರ್ಷ ಇದು ಸವೆದು ಮೋಟರ್ ಉಳಿಸಿದೆ" ಅಂದ್ರು. ಇದೇ ಬ್ರಷ್ಷು. ತಿರುಗೋ ಆರ್ಮೇಚರಿಗೆ ಕರೆಂಟ್ ಕೊಡೋದು ಇದು, ಉಜ್ಜುತ್ತಾ ಉಜ್ಜುತ್ತಾ ತಾನು ಸವೀತಾ ಹೋಗುತ್ತೆ. ಕಿಡಿ ಜಾಸ್ತಿ ಕಾಣೋದು, ಮಷೀನು ಒಮ್ಮೆ ಓಡಿ ಒಮ್ಮೆ ನಿಲ್ಲೋದು, ತಟ್ಟಿದ್ರೆ ಮತ್ತೆ ಶುರುವಾಗೋದು, ಇದೆಲ್ಲಾ ಎಷ್ಟೋ ಸಲ ಬ್ರಷ್ ಮುಗಿದಿರೋ ಲಕ್ಷಣ. ಮೋಟರ್ ಹೋಯ್ತು ಅಂತ ಎಸೆದಿರೋ ಎಷ್ಟು ಮಷೀನಲ್ಲಿ ಬರೀ ಬ್ರಷ್ ಹೋಗಿತ್ತೋ ಏನೋ. ಕೆಲವು ಮಷೀನಲ್ಲಿ ಬ್ರಷ್ ಬದಲಾಯಿಸೋಕೆ ಹೊರಗಡೆಯೇ ಎರಡು ಮುಚ್ಚಳ ಇರುತ್ತೆ, ಅಂಥದ್ದು ಕಂಡ್ರೆ ಅದನ್ನ ಮಾಡಿದೋರಿಗೆ ಮನಸಲ್ಲೇ ಒಂದು ನಮಸ್ಕಾರ ಹಾಕ್ತೀನಿ.

ಇನ್ನೊಂದು ವಿಷಯನೂ ಆ ಅಣ್ಣನೇ ಹೇಳಿದ್ದು, ತುಂಬಾ ಜನಕ್ಕೆ ಗೊತ್ತಿಲ್ಲ. ಮೋಟರ್ ತಣ್ಣಗಿಡೋ ಫ್ಯಾನು ಮೋಟರಿನ ಕಡ್ಡಿಗೇ ಕೂರಿಸಿರ್ತಾರೆ. ಗಟ್ಟಿ ಪದಾರ್ಥ ತುಂಬಿ ಬ್ಲೇಡ್ ನಿಧಾನ ಆದ್ರೆ ಫ್ಯಾನೂ ನಿಧಾನ ಆಗುತ್ತೆ, ಅದೇ ಹೊತ್ತಿಗೆ ಮೋಟರು ಕರೆಂಟ್ ಜಾಸ್ತಿ ಎಳೆಯುತ್ತೆ, ಅಂದ್ರೆ ಬಿಸಿ ಏರ್ತಾನೂ ಇದೆ, ಗಾಳಿನೂ ಇಲ್ಲ. ಬ್ಲೇಡ್ ಪೂರ್ತಿ ಸಿಕ್ಕಾಕೊಂಡ್ರಂತೂ ಕೆಲವೇ ಸೆಕೆಂಡಲ್ಲಿ ತಂತಿ ಮೇಲಿನ ವಾರ್ನಿಷ್ ಸುಡೋಕೆ ಶುರು. ಅಮ್ಮ ಯಾವಾಗ್ಲೂ "ವಾಸನೆ ಬರ್ತಿದೆ ನಿಲ್ಸೋ" ಅಂತ ಕೂಗ್ತಿದ್ದಿದ್ದು ಅದಕ್ಕೇ, ಅಮ್ಮನ ಮೂಗು 22 ವರ್ಷ ಆ ಮೋಟರ್ ಕಾಪಾಡಿದೆ. ಗಟ್ಟಿ ಪದಾರ್ಥನ ಕಡಿಮೆ ಸ್ಪೀಡಲ್ಲಿ ಹೊತ್ತುಗಟ್ಟಲೆ ಓಡಿಸೋದು ಮೋಟರಿಗೆ ಒಳ್ಳೇದು ಅಂತ ನಾವೆಲ್ಲಾ ಅಂದ್ಕೊಂಡಿರ್ತೀವಿ, ಅದು ಉಲ್ಟಾ. ಕಡಿಮೇಲಿ ಶುರು ಮಾಡಿ ಬೇಗ ಏರಿಸಿ, ಬ್ಲೇಡ್ ಸಲೀಸಾಗಿ ತಿರುಗೋಕೆ ಸ್ವಲ್ಪ ನೀರು ಬಿಡಿ, ಮೊದ್ಲು ನೀರು ಆಮೇಲೆ ಮೆತ್ತಗಿಂದು ಕೊನೇಲಿ ಗಟ್ಟಿದು ಹಾಕಿ.

ಅದಕ್ಕೇ ತಗೊಳ್ಳೋವಾಗ ಓವರ್‌ಲೋಡ್ ಸ್ವಿಚ್ ಇದೆಯಾ ನೋಡಿ. ಸುಮಾರು ಮಷೀನಲ್ಲಿ ತಳದಲ್ಲಿ ಒಂದು ಕೆಂಪು ಬಟನ್ ಇರುತ್ತೆ, ಬಿಸಿ ಮಿತಿ ಮೀರಿದ್ರೆ ತಾನಾಗೇ ಆಫ್ ಆಗುತ್ತೆ, ತಣ್ಣಗಾದ ಮೇಲೆ ಒತ್ತಿದ್ರೆ ಮತ್ತೆ ಓಡುತ್ತೆ. ಹಾಗೇ ತಳದ ಸ್ಟಿಕರ್ ಓದಿ. ಕೆಲವದ್ರ ಮೇಲೆ ಇಂಗ್ಲಿಷಿನ ಕೆ, ಬಿ ಅಕ್ಷರ ಹಾಕಿ ಪಕ್ಕದಲ್ಲಿ ಇಷ್ಟು ನಿಮಿಷ ಅಂತ ಬರೆದಿರುತ್ತೆ. ಅಷ್ಟು ಹೊತ್ತು ಓಡಿಸಿದ ಮೇಲೆ ಬಿಡುವು ಕೊಡ್ಬೇಕು ಅಂತ ಅರ್ಥ. 1 ನಿಮಿಷ ಅಂತ ಇರೋ ಮಷೀನಿಗೂ 5 ನಿಮಿಷ ಅಂತ ಇರೋದಕ್ಕೂ ತುಂಬಾ ವ್ಯತ್ಯಾಸ ಇದೆ, ಬಾಕ್ಸ್ ಮೇಲಿನ ವ್ಯಾಟ್ ಎರಡರಲ್ಲೂ ಒಂದೇ ಇದ್ರೂನೂ. ಕಂಪನಿನೇ ತನ್ನ ಮೋಟರ್ ಬಗ್ಗೆ ಸತ್ಯ ಹೇಳಿರೋ ಜಾಗ ಅದು.

ಕಪ್ಲರ್ ಬಗ್ಗೆ ಒಂದು ಮಾತು. ರಬ್ಬರಿಂದು ಪ್ಲಾಸ್ಟಿಕ್ಕಿಂದು ಕಂಡ್ರೆ ಲಡಾಸು ಅಂತ ಬೈಬೇಡಿ. ಬ್ಲೇಡ್ ಸಿಕ್ಕಾಕೊಂಡಾಗ ಮೊದ್ಲು ಅದು ಹಲ್ಲು ಕಿತ್ಕೊಂಡು ಮೋಟರಿಗೆ ಬೀಳೋ ಪೆಟ್ಟು ತಪ್ಪಿಸುತ್ತೆ, ಮನೆ ಫ್ಯೂಸ್ ಇದ್ದ ಹಾಗೆ. ಲೋಹದ್ದು ಜಾಸ್ತಿ ದಿನ ಬರುತ್ತೆ, ಆದ್ರೆ ಪೆಟ್ಟು ನೇರ ಮೋಟರಿಗೆ ಹೋಗುತ್ತೆ, ಮೋಟರ್ ಗಟ್ಟಿ ಇರೋ ಮಷೀನಿಗೆ ಮಾತ್ರ ಸರಿ. ಬದಲಾಯಿಸೋರು ಗಮನಿಸಿ, ಬೇಸಲ್ಲಿರೋ ಕಪ್ಲರ್ ಸಾಮಾನ್ಯವಾಗಿ ಉಲ್ಟಾ ತ್ರೆಡ್, ಅಂದ್ರೆ ಬಲಕ್ಕೆ ತಿರುಗಿಸಿದ್ರೆ ಬಿಚ್ಚೋದು, ಓಡುವಾಗ ಬಿಚ್ಚಿಕೊಳ್ಳದೇ ಇರ್ಲಿ ಅಂತ. ಗೊತ್ತಿಲ್ದೆ ಜೋರಾಗಿ ತಿರುಗಿಸಿ ಕಡ್ಡಿನೇ ಮುರಿದೋರು ಇದಾರೆ.

ಜಾರು ಗಾಜಿಂದಾ ಪ್ಲಾಸ್ಟಿಕ್ಕಾ ಸ್ಟೀಲಾ ಅನ್ನೋದು ನಿಮ್ಮಿಷ್ಟ. ಗಾಜಿಗೆ ಸುಲಭಕ್ಕೆ ಗೀರು ಬೀಳಲ್ಲ, ಆದ್ರೆ ಭಾರ, ಬಿದ್ರೆ ಮುಗೀತು. ಟ್ರೈಟಾನ್ ಅನ್ನೋ ಪ್ಲಾಸ್ಟಿಕ್ ಹಗುರ, ಬಿಪಿಎ ಅನ್ನೋ ರಾಸಾಯನಿಕ ಇಲ್ಲ, ವರ್ಷಗಟ್ಟಲೆ ಗಟ್ಟಿ ಪದಾರ್ಥ ಹಾಕಿದ್ರೆ ಮಂಜು ಮಂಜಾಗುತ್ತೆ ಅಷ್ಟೇ. ಸ್ಟೀಲ್ ಜಾರಲ್ಲಿ 304 ಅಂತ ಸ್ಟೀಲಿನ ದರ್ಜೆ ಬರೆದಿರ್ಲಿ, ಒಳಗೆ ಏನಾಗ್ತಿದೆ ಅಂತ ಕಾಣಲ್ಲ. ಯಾವ್ದೇ ಆದ್ರೂ ಬ್ಲೇಡ್ ಸೆಟ್ ಇದ್ದ ಜಾರನ್ನ ರಾತ್ರಿಯೆಲ್ಲಾ ನೀರಲ್ಲಿ ಮುಳುಗಿಸಿಡ್ಬೇಡಿ, ತೊಳೆದ ತಕ್ಷಣ ಬೋರಲು ಹಾಕಿ.

ಟಚ್ ಪ್ಯಾನೆಲ್ ನಂಗೆ ಇಷ್ಟ ಇಲ್ಲ, ನೇರವಾಗೇ ಹೇಳ್ತೀನಿ. ನೀರು, ಬಿಸಿ, ನಡುಕ ಮೂರೂ ಒಟ್ಟಿಗೆ ಇರೋ ಜಾಗದಲ್ಲಿ ಸರ್ಕ್ಯೂಟ್ ಬೋರ್ಡ್ ಇಟ್ರೆ ಅದು ಹೋಗೋ ಸಾಧ್ಯತೆ ಇನ್ನೊಂದು ಸೇರ್ಕೊಳ್ಳುತ್ತೆ. ತಿರುಗಿಸೋ ಸ್ವಿಚ್ ಹೋದ್ರೆ ಯಾರಾದ್ರೂ ಬದಲಾಯಿಸ್ತಾರೆ, ಬೋರ್ಡ್ ಹೋದ್ರೆ ಅದೇ ಕಂಪನಿಯ ಅದೇ ಮಾಡೆಲಿನ ಬೋರ್ಡೇ ಬೇಕು.

ವಾರಂಟಿ ಕಾಗದನೂ ತಗೊಳ್ಳೋ ಮುಂಚೆ ಓದಿ. ಮೋಟರಿಗೆ 5 ವರ್ಷ, 10 ವರ್ಷ ಅಂತ ದೊಡ್ಡದಾಗಿ ಇರುತ್ತೆ, ಕೆಳಗೆ ಸಣ್ಣ ಅಕ್ಷರದಲ್ಲಿ ಜಾರು, ಬ್ಲೇಡು, ಕಪ್ಲರ್, ಬ್ರಷ್ಷು ಸವೆಯೋ ಭಾಗ, ಇದಕ್ಕೆ ಅನ್ವಯಿಸಲ್ಲ ಅಂತ ಇರುತ್ತೆ. ಮುಂಚೆ ಹೋಗೋದು ಯಾವ್ದೋ ಅದಕ್ಕೇ ವಾರಂಟಿ ಇಲ್ಲ. ಸವೆಯೋ ಭಾಗ ಅಂತ ಅವ್ರೇ ಒಪ್ಕೊಂಡ ಮೇಲೆ ಬಿಡಿಭಾಗ ಮಾರೋದು ಅವ್ರ ಜವಾಬ್ದಾರಿ ಅಲ್ವಾ? ಇದು ನನ್ನ ದೊಡ್ಡ ದೂರು. ಜಾರಿನ ತಳದಲ್ಲಿ ತಿರುಗೋ ಬ್ಲೇಡ್ ಇಡೋ ಐಡಿಯಾ 1922ರದ್ದು, ಅಮೆರಿಕದ ರಸೀನ್ ಊರಿನ ಸ್ಟೀಫನ್ ಪೊಪ್ಲಾವ್ಸ್ಕಿ ಅನ್ನೋರದ್ದು. ನೂರು ವರ್ಷದಿಂದ ಮೋಟರು, ಕಪ್ಲರು, ಬ್ಲೇಡು, ಅಷ್ಟೇ. ಇಷ್ಟು ಸರಳ ಯಂತ್ರ ಬಿಚ್ಚೋಕಾಗದ ಹಾಗೆ ಮಾಡೋಕೆ ನಂಗಂತೂ ಒಂದು ಒಳ್ಳೆ ಕಾರಣ ಕಾಣಲ್ಲ. ಯುರೋಪಿಯನ್ ಒಕ್ಕೂಟ 2024ರಲ್ಲಿ ರಿಪೇರಿ ಹಕ್ಕಿನ ನಿಯಮ ತಂತು, ವಾಷಿಂಗ್ ಮಷೀನ್, ಫ್ರಿಜ್, ಮೊಬೈಲ್ ಎಲ್ಲಾ ಪಟ್ಟಿಯಲ್ಲಿದೆ, ಬ್ಲೆಂಡರ್ ಇಲ್ಲ. ದಿನಾ ಬಳಸೋ ವಸ್ತು ಕಣ್ರೀ ಇದು, ಪಟ್ಟಿಗೆ ಸೇರ್ಬೇಕು.

ಅಲ್ಲೀತನಕ ನಾವೇ ಕೇಳ್ಬೇಕು. ಅಕ್ಕ ಎರಡೂ ಕಂಪನಿಗೆ ಮೆಸೇಜ್ ಮಾಡಿ ಬ್ಲೇಡ್ ಸೆಟ್, ಕಪ್ಲರ್, ಬ್ರಷ್ ಬಿಡಿಯಾಗಿ ಸಿಗುತ್ತಾ ಅಂತ ಕೇಳಿದ್ಲು. 1200 ವ್ಯಾಟಿನೋರು "ಹತ್ತಿರದ ಸರ್ವಿಸ್ ಸೆಂಟರ್ ಸಂಪರ್ಕಿಸಿ" ಅಂತ ಮೂರು ಸಲ ಅದನ್ನೇ ಕಳ್ಸಿದ್ರು. 750ರೋರು ಬಿಡಿಭಾಗದ ನಂಬರ್ ಸಮೇತ ಪಟ್ಟಿನೇ ಕಳ್ಸಿದ್ರು. ಅದನ್ನೇ ತಗೊಂಡ್ಲು, ಜೊತೆಗೆ ಒಂದು ಕಪ್ಲರ್, ಎರಡು ಸೀಲ್ ಈಗ್ಲೇ ತರಿಸಿ ಇಟ್ಕೊಂಡಿದಾಳೆ, ಹತ್ತು ವರ್ಷ ಆದ್ಮೇಲೆ ಆ ಪಟ್ಟಿ ಇರುತ್ತೋ ಇಲ್ವೋ ಅಂತ. ನಿನ್ನೆ ಮಷೀನ್ ಬಂತು, ವಿಡಿಯೋ ಕಾಲ್ ಮಾಡಿ ಪ್ಲಗ್ ಹಾಕೋಕೂ ಮುಂಚೆ ತಲೆಕೆಳಗೆ ಮಾಡಿ ತೋರಿಸಿದ್ಲು, ನಾಲ್ಕು ಸ್ಕ್ರೂ, ಕೆಂಪು ಬಟನ್, 5 ನಿಮಿಷದ ಸ್ಟಿಕರ್, ಎಲ್ಲಾ ಇತ್ತು. ಅಮ್ಮ ಪಕ್ಕದಲ್ಲೇ ಕೂತಿದ್ರು, ಫೋನ್ ಹತ್ರ ಬಗ್ಗಿ ನೋಡಿ "ನಮ್ಮದ್ರ ಥರಾನೇ ಇದೆ ಕಣೇ" ಅಂದ್ರು.