ಇನ್ನು ಮುಂದೆ ಇಂಥ ಹೆಸರಿನಿಂದ ಕರೆಯಲ್ಪಡುತ್ತೇನೆ

ಅಮೆರಿಕದ ಎಫ್‌ಸಿಸಿ, ಅಂದರೆ ರೇಡಿಯೋಗಳಿಗೆ ಲೈಸೆನ್ಸ್ ಕೊಡೋ ಸರ್ಕಾರಿ ಸಂಸ್ಥೆ, ಆಗಾಗ ಹೊರಡಿಸೋ ಕಾಲ್ ಸೈನ್ ಪಟ್ಟಿ ನಿಮಗೆ ಗೊತ್ತಲ್ವಾ? ಯಾವ ರೇಡಿಯೋ ಸ್ಟೇಷನ್ನು ಹಳೆ ನಾಲ್ಕಕ್ಷರ ಬಿಟ್ಟು ಹೊಸ ನಾಲ್ಕಕ್ಷರ ಇಟ್ಟುಕೊಂಡಿತು ಅನ್ನೋ ಪಟ್ಟಿ. ನಮ್ಮ ಪೇಪರಿನ ಒಳಪುಟದಲ್ಲಿ ಬರುತ್ತಲ್ಲ, 'ಇದುವರೆಗೆ ಇಂಥ ಹೆಸರಿದ್ದ ನಾನು ಅಫಿಡವಿಟ್ ಮೂಲಕ ಇನ್ನು ಮುಂದೆ ಇಂಥವನೆಂದು ಕರೆಯಲ್ಪಡುತ್ತೇನೆ' ಅನ್ನೋ ಜಾಹೀರಾತು, ಥೇಟ್ ಹಾಗೇ. ಒಂದಕ್ಷರ ಜಾಸ್ತಿ ಸೇರಿಸಿದರೆ ಶುಕ್ರದೆಸೆ ಅಂತ ಇಲ್ಲಿ ಜ್ಯೋತಿಷಿ ಹೇಳಿರುತ್ತಾನೆ. ಅಲ್ಲಿ ಆ ಕೆಲಸಕ್ಕೆ ಕನ್ಸಲ್ಟೆಂಟ್ ಇದ್ದಾನೆ. ದಕ್ಷಿಣೆ ಡಾಲರಿನಲ್ಲಿ.

ಪಟ್ಟಿ ಬಂದಾಗೆಲ್ಲ ನನ್ನ ಕಣ್ಣು ಹೋಗೋದು ಸ್ಪ್ಯಾನಿಷ್ ಸ್ಟೇಷನ್ನುಗಳ ಕಡೆಗೆ. ಅಲ್ಲಿರುವಷ್ಟು ನಾಮಕರಣದ ಸಂಭ್ರಮ ಬೇರೆಲ್ಲೂ ನನಗೆ ಕಂಡಿಲ್ಲ.

ನಿಯಮ ಸರಳ. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕಿದ್ದರೆ ಹೆಸರು 'ಕೆ'ಯಿಂದ ಶುರು, ಪೂರ್ವಕ್ಕಿದ್ದರೆ 'ಡಬ್ಲ್ಯೂ'ದಿಂದ. ಕೆಲವು ಹಳಬರಿಗೆ ವಿನಾಯಿತಿ ಉಂಟು. ಮಿಕ್ಕ ಅಕ್ಷರ ನಿಮ್ಮಿಷ್ಟ, ಬೇರೆಯವರು ಹಿಡಿದಿರಬಾರದು ಅಷ್ಟೇ. ಯಾವ ಹಾಡು, ಯಾವ ಭಾಷೆ ಅಂತ ಸರ್ಕಾರ ತಲೆ ಕೆಡಿಸಿಕೊಳ್ಳಲ್ಲ. ಅದೆಲ್ಲ ಮಾರುಕಟ್ಟೆ ನೋಡಿಕೊಳ್ಳುತ್ತೆ ಅಂತ ಎಫ್‌ಸಿಸಿ ಹೇಳಿತು. 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಹೌದು ಅಂತು. ಕೋರ್ಟಿಗೆ ಹೋಗಿದ್ದವರಲ್ಲಿ ನ್ಯೂಯಾರ್ಕಿನ ಒಂದು ಶಾಸ್ತ್ರೀಯ ಸಂಗೀತದ ಸ್ಟೇಷನ್ನಿನ ಕೇಳುಗರ ಸಂಘವೂ ಇತ್ತು. ಪಾಪ. 1993ರಲ್ಲಿ ಆ ಸ್ಟೇಷನ್ನಲ್ಲೂ ರಾಕ್ ಶುರುವಾಯಿತು.

ಹೀಗೆ ಕೇಳುಗನನ್ನು ಕೇಳಬೇಕಾಗಿಲ್ಲ ಅಂತ ಕಾನೂನೇ ಹೇಳಿದ ಮೇಲೆ ಆಟ ಶುರು.

2004ರ ನವೆಂಬರಿನಲ್ಲಿ ಹೂಸ್ಟನ್ನಿನ ಕೆಎಲ್‌ಓಎಲ್ ಕಥೆ ನೋಡಿ. 1970ರಿಂದ ರಾಕ್ ಹಾಕುತ್ತಿದ್ದ ಸ್ಟೇಷನ್ನು. ಕ್ಲಿಯರ್ ಚಾನೆಲ್ ಕಂಪನಿ ಅದನ್ನು 'ಮೆಗಾ 101' ಮಾಡಿ ಸ್ಪ್ಯಾನಿಷ್ ಪಾಪ್, ರೆಗೆಟಾನ್ ಅನ್ನೋ ಸ್ಪ್ಯಾನಿಷ್ ರ‍್ಯಾಪ್ ಕುಣಿತದ ಹಾಡು ಹಾಕಿತು. ಆ ಫಾರ್ಮ್ಯಾಟಿಗೆ, ಅಂದರೆ ಸ್ಟೇಷನ್ನು ಹಾಕುವ ಹಾಡುಗಳ ಬಗೆಗೆ, 'ಹರ್ಬನ್' ಅಂತ ನಾಮಧೇಯ. ಹಿಸ್ಪ್ಯಾನಿಕ್ಕನ್ನೂ ಅರ್ಬನ್ನನ್ನೂ ಒಂದೇ ಬಟ್ಟಲಲ್ಲಿ ಕಲಸಿದ್ದು. ಇದಕ್ಕೆ ಎಷ್ಟು ಮೀಟಿಂಗ್ ಆಗಿರಬೇಡ! ಆದರೆ ನಾಲ್ಕಕ್ಷರ ಮಾತ್ರ ಹಾಗೇ ಉಳಿಸಿಕೊಂಡರು. ಕೊನೆಯ ಮೂರು ನೋಡಿ: ಎಲ್‌ಓಎಲ್. ಯಾರನ್ನು ನೋಡಿ ನಗುತ್ತಿದ್ದಾರೆ ಅಂತ ಕೇಳಬೇಡಿ.

ಎರಡೇ ತಿಂಗಳಿಗೆ ವಾಷಿಂಗ್ಟನ್ ಕಡೆಯ ಡಬ್ಲ್ಯೂಎಚ್‌ಎಫ್‌ಎಸ್ ಸರದಿ. 2005ರ ಜನವರಿ 12, ಮಧ್ಯಾಹ್ನ 12 ಗಂಟೆ. ರಾಕ್ ಪ್ರಿಯರ ಆರಾಧ್ಯ ಸ್ಟೇಷನ್ನು ಜೆಫ್ ಬಕ್ಲಿಯ 'ಲಾಸ್ಟ್ ಗುಡ್‌ಬೈ' ಹಾಕಿ ಸುಮ್ಮನಾಯಿತು. ಆಮೇಲೆ 'ಎಲ್ ಸೋಲ್' ಅನ್ನೋ ಸ್ಪ್ಯಾನಿಷ್ ಸ್ಟೇಷನ್ನು, ಸಾಲ್ಸಾ, ಮೆರೆಂಗೆ ಥರದ ಕುಣಿತದ ಹಾಡು. ಜನ ಸಿಟ್ಟಾದರು, ಸಹಿ ಸಂಗ್ರಹ ಮಾಡಿದರು. ಕೆಲವರು ಸ್ಪ್ಯಾನಿಷ್ ಮಾತಾಡುವವರೇ ಬಂದು ತಮ್ಮ ಗಿಟಾರ್ ಕಿತ್ತುಕೊಂಡರೋ ಅನ್ನೋ ಹಾಗೆ ಮಾತಾಡಿದರು. ಕಿತ್ತುಕೊಂಡವನು ಲೆಕ್ಕಪತ್ರ ಬರೆಯೋನು, ಸ್ವಾಮಿ. ಅವನಿಗೆ ಗಿಟಾರೂ ಗೊತ್ತಿಲ್ಲ, ಮೆರೆಂಗೆಯೂ ಗೊತ್ತಿಲ್ಲ. ಕೆಲವು ವರ್ಷಕ್ಕೆ 'ಎಲ್ ಸೋಲ್'ಗೂ ಆ ಜಾಗ ಖಾಲಿ ಮಾಡಿಸಿ 107.9ಕ್ಕೆ ಸಾಗಹಾಕಿದರು. ಹಳೆ 99.1ರಲ್ಲಿ ಸುದ್ದಿ ಬಂತು, ಆಮೇಲೆ ಶೇರು ಮಾರುಕಟ್ಟೆ ಬಂತು. ಈಗ ಎರಡೂ ಕಡೆಯವರು ಕೂತು ಒಟ್ಟಿಗೆ ಅಳಬಹುದು.

ಡಬ್ಲ್ಯೂಎಚ್‌ಎಫ್‌ಎಸ್ ಅನ್ನೋ ಅಕ್ಷರಗಳ ಗತಿ ಇನ್ನೂ ಚೆನ್ನಾಗಿದೆ. ಎಚ್‌ಎಫ್‌ಎಸ್ ಅಂದರೆ ಹೈ ಫಿಡೆಲಿಟಿ ಸ್ಟೀರಿಯೋ. ಹಳೆ ಹೆಸರನ್ನು ಎದುರಾಳಿ ಎತ್ತಿಕೊಳ್ಳದಿರಲಿ ಅಂತ ಕಂಪನಿಗಳು ಅದನ್ನು ಎಲ್ಲೋ ಮೂಲೆಯ ಸ್ಟೇಷನ್ನಿಗೆ ಅಂಟಿಸಿಡುತ್ತವೆ. ಹಾಗೆ ಊರೂರು ಅಲೆದು ಆ ಅಕ್ಷರಗಳು ಫ್ಲೋರಿಡಾದ ಟ್ಯಾಂಪಾ ಸೇರಿದವು. ಅಲ್ಲಿ ಬಂದದ್ದು ಹಾಡಲ್ಲ, ಆಟೋಟದ ಹರಟೆ. ಅಂಪೈರ್‌ನನ್ನು ಸ್ಟೀರಿಯೋದಲ್ಲಿ ಬೈದರೆ ಹೆಚ್ಚು ತೃಪ್ತಿ ಇರಬೇಕು.

ನನಗೆ ತುಂಬಾ ಇಷ್ಟವಾದದ್ದು ಲಾಸ್ ಏಂಜಲಿಸ್‌ನ ಕೆಎಸ್‌ಸಿಎ. ಇದರ ಮಾಲೀಕ ಜೀನ್ ಆಟ್ರಿ, ಸಿನಿಮಾದ 'ಹಾಡುವ ಕೌಬಾಯ್'. ಅಗಲ ಟೋಪಿ, ಬಿಳಿ ಹಲ್ಲು, ಕೈಯಲ್ಲಿ ಗಿಟಾರ್, ಕೆಳಗೆ ಬುದ್ಧಿವಂತ ಕುದುರೆ. ಅವನ ಕಂಪನಿ ಆ ಸ್ಟೇಷನ್ನನ್ನು ಹೆಫ್ಟೆಲ್ ಅನ್ನೋ ಸ್ಪ್ಯಾನಿಷ್ ರೇಡಿಯೋ ಕಂಪನಿಗೆ ಒಪ್ಪಿಸಿತು. 1997ರ ಫೆಬ್ರವರಿಯಿಂದ ಅಲ್ಲಿ ರಾಂಚೆರಾ, ಬಾಂಡಾ. ಅಂದರೆ ನಿಜವಾಗಲೂ ದನ ಕಾಯುವ, ನಿಜವಾಗಲೂ ಬಿಸಿಲಿಗೇ ಟೋಪಿ ಹಾಕುವ ಜನರ ಹಾಡು. ಇಷ್ಟು ವರ್ಷದ ವೇಷ ಕೊನೆಗೂ ಅಸಲಿ ಆಯಿತು ಅಂತ ಆಟ್ರಿ ಖುಷಿಪಟ್ಟನೋ ಇಲ್ಲವೋ. ಮುಂದಿನ ವರ್ಷ ತೀರಿಕೊಂಡ.

ಬರೀ ಇಂಗ್ಲಿಷ್ ಹೋಗಿ ಸ್ಪ್ಯಾನಿಷ್ ಬರುತ್ತೆ ಅಂದುಕೊಳ್ಳಬೇಡಿ. 2014ರ ಮಾರ್ಚಿನಲ್ಲಿ ಸ್ಯಾನ್ ಹೊಸೆ ಕಡೆ 105.7ರಲ್ಲಿ 'ಲಾಟಿನೋ ಮಿಕ್ಸ್' ನಿಂತು, ನೆಲ್ಲಿ ಅನ್ನೋ ರ‍್ಯಾಪರ್‌ನ 'ಹಾಟ್ ಇನ್ ಹಿಯರ್' ಶುರುವಾಯಿತು. ಮುಗಿಯಿತು. ಮತ್ತೆ ಅದೇ. ಮತ್ತೆ ಅದೇ. ಸುಮಾರು ಮೂರು ದಿನ, ರಾತ್ರಿ ಹಗಲು. ಹಾಡಿಗೆ ನಾಲ್ಕು ನಿಮಿಷ ಅಂತ ಹಿಡಿದರೂ ದಿನಕ್ಕೆ 360 ಸಲ. ಸಿಲಿಕಾನ್ ವ್ಯಾಲಿಯ ನಮ್ಮ ಕನ್ನಡದವರಲ್ಲಿ ಎಷ್ಟು ಜನ ಕಾರ್ ರೇಡಿಯೋ ಕೆಟ್ಟಿದೆ ಅಂತ ತಲೆಗೆ ತಟ್ಟಿರಬಹುದೋ! ಕಸುಬಿನವರು ಇದಕ್ಕೆ 'ಸ್ಟಂಟಿಂಗ್' ಅಂತಾರೆ. ಸೋಮವಾರ ಅದು ಇಂಗ್ಲಿಷ್ ಸ್ಟೇಷನ್ನಾಗಿ ಎದ್ದಿತು. ಹೆಸರು 'ಹಾಟ್ 105.7'. ಮೂರು ದಿನ ಸುಳಿವು ಕೊಟ್ಟ ಮೇಲೂ ಊಹಿಸದಿದ್ದವರು ದಡ್ಡರು.

ಹೆಸರಿನ ವಿಚಾರ ಬಂತಲ್ಲ. ಇಂಗ್ಲಿಷಿನವರು ಸ್ಟೇಷನ್ನಿಗೆ ಮನುಷ್ಯನ ಹೆಸರಿಟ್ಟು 'ಜ್ಯಾಕ್ ಎಫ್‌ಎಂ' ಅಂದರು. ಅದನ್ನು ನೋಡಿ ಸ್ಪ್ಯಾನಿಷಿನಲ್ಲಿ 'ಹೋಸೆ' ಹುಟ್ಟಿದ. ನಮ್ಮಲ್ಲಿ 'ಸೀನ ಎಫ್‌ಎಂ' ಬರುವವರೆಗೂ ಬದುಕಿರಬೇಕು ಅಂತ ನನ್ನ ಆಸೆ. 'ಸೀನ ಏನು ಹಾಕ್ತಾನೋ ಯಾರಿಗೂ ಗೊತ್ತಿಲ್ಲ, ಸೀನಂಗೂ ಗೊತ್ತಿಲ್ಲ.' ಜಿಂಗಲ್ ಉಚಿತವಾಗಿ ಕೊಟ್ಟಿದ್ದೇನೆ.

ನಗೋದು ಸರಿ. ಆದರೆ ಈ ರೇಡಿಯೋ ಯಾರು ಕೇಳ್ತಾರೆ? ಸ್ಟ್ರಾಬೆರಿ ಕೀಳುವವರು, ಹೋಟೆಲಿನ ಹಿಂದೆ ಪಾತ್ರೆ ತೊಳೆಯುವವರು, ಬೆಳಗಿನ ಜಾವ ನಾಲ್ಕಕ್ಕೆ ಟ್ರಕ್ಕು ಹತ್ತುವವರು. ವೀಸಾ ಕಾಯ್ದೆ ಏನಾಯ್ತು, ಯಾವ ವಕೀಲನನ್ನು ನಂಬಬಾರದು, ಎಲ್ಲ ಅವರಿಗೆ ಹೇಳಿದ್ದು ಬೆಳಗಿನ ಶೋ ದನಿ. 2006ರ ಮಾರ್ಚ್ 25ರಂದು ವಲಸಿಗರ ಮೇಲೆ ಬಿಗಿ ಮಾಡುವ ಮಸೂದೆಯನ್ನು ವಿರೋಧಿಸಿ ಲಾಸ್ ಏಂಜಲಿಸ್ ಬೀದಿಗೆ ಐದು ಲಕ್ಷ ಜನ ಬಂದರು. ಅದು ಪೊಲೀಸರೇ ಕೊಟ್ಟ ಅಂದಾಜು. ಕರೆದವರಲ್ಲಿ ಮುಂದಿದ್ದವರು ಕೆಎಸ್‌ಸಿಎಯ ಪಿಯೊಲಿನ್, ಎದುರಾಳಿ ಸ್ಟೇಷನ್ನಿನ ಎಲ್ ಕುಕುಯ್ ಥರದ ಡಿಜೆಗಳು. ರೇಟಿಂಗಿಗಾಗಿ ದಿನಾ ಕಚ್ಚಾಡುತ್ತಿದ್ದವರು ಒಂದಾಗಿ, ಬಿಳಿ ಬಟ್ಟೆ ಹಾಕಿಕೊಳ್ಳಿ, ಅಮೆರಿಕದ ಬಾವುಟ ಹಿಡಿಯಿರಿ, ಕಸ ಎತ್ತಿ ಹೋಗಿ ಅಂದರು. ಜನ ಕೇಳಿದರು. ಅಂಥ ದನಿಗಳಿಂದ ತುಂಬಿದ್ದ ಒಂದು ಸ್ಟೇಷನ್ನನ್ನು ಯಾವನೋ ಸೂಟಿನವನು ಒಂದು ಮಧ್ಯಾಹ್ನ ಸ್ಪ್ರೆಡ್‌ಶೀಟ್ ನೋಡಿ ಮುಚ್ಚುತ್ತಾನೆ. ಮಾರನೇ ದಿನ ಟ್ರಕ್ಕಿನಲ್ಲಿ ಕೂತವನು ಗುಂಡಿ ಒತ್ತಿದರೆ ಪರಿಚಯವಿಲ್ಲದ ಹಾಡು. ನಿನ್ನೆಯವನು ಎಲ್ಲಿ ಹೋದ, ಸತ್ತನಾ, ಇದ್ದಾನಾ, ಹೇಳುವವರಿಲ್ಲ. ಇದನ್ನು 'ಬ್ರ್ಯಾಂಡ್ ರಿಫ್ರೆಶ್' ಅಂತ ಕರೆಯುವ ಬಾಯಿಗೆ ಏನು ಹೇಳೋದು? ಸಾಕಾಗಿದೆ ರೀ.

ಡಿಜೆಗೆ ಯಾಕೆ ವಿದಾಯ ಹೇಳಲು ಬಿಡಲ್ಲ ಅಂದರೆ, ಅವನು ಲೈವ್‌ನಲ್ಲಿ ಮಾಲೀಕನನ್ನು ಬೈದುಬಿಟ್ಟರೆ ಅನ್ನೋ ಭಯ. ಬೈಯಲಿ ಬಿಡಿ. ಗಂಟೆಗೊಮ್ಮೆ ನಾಲ್ಕಕ್ಷರ, ಅದರ ಹಿಂದೆಯೇ ಊರಿನ ಹೆಸರು ಹೇಳಲೇಬೇಕು ಅಂತ ಎಫ್‌ಸಿಸಿ ಕಡ್ಡಾಯ ಮಾಡಿದೆ. ಅದನ್ನು ಎರಡು ಜಾಹೀರಾತಿನ ನಡುವೆ ಗುಸುಗುಸು ಅಂತ ಮುಗಿಸಿಬಿಡುತ್ತಾರೆ. ಅದರ ಜೊತೆಗೇ ಇನ್ನೊಂದು ನಿಯಮ ಸೇರಿಸಲಿ: ಫಾರ್ಮ್ಯಾಟ್ ಬದಲಿಸುವ ಮುಂಚೆ ಹಳಬನಿಗೆ ಹತ್ತು ನಿಮಿಷ ಮೈಕ್. ಹತ್ತು ಜಾಸ್ತಿ ಆಯ್ತಾ? ಐದು ಕೊಡಿ. ಬೇಕಾದರೆ ಮಧ್ಯೆ ಆಕ್ಸಿಡೆಂಟ್ ವಕೀಲರ ಜಾಹೀರಾತು ಹಾಕಿಕೊಳ್ಳಿ, ಆ ದುಡ್ಡೂ ನಿಮಗೇ ಇರಲಿ.